ದಿನಕ್ಕೊಂದು ಗಳಿಗೆ

(ಶತಮಾನೋತ್ಸವದ ಅಂಗವಾಗಿ ನಡೆದ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆಯ ಗಾನವೃಂದಗಳ ಸಮಾವೇಶದಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣದ ಲಿಖಿತ ರೂಪ)



ಶತಮಾನೋತ್ಸವದ ವೇದಿಕೆಯ ಮೇಲೆ ಗುರುಗಳಾದವರು ದೇವಾಲಯದ ಚರಿತ್ರೆಯನ್ನೋ ಹಿರಿಯರ ತ್ಯಾಗವನ್ನೋ ಕುರಿತು ಮಾತನಾಡುವುದು ವಾಡಿಕೆ. ಆ ಕಾರ್ಯವನ್ನು ನಮಗಿಂತ ಚೆನ್ನಾಗಿ ಬಲ್ಲವರು ಇಲ್ಲಿದ್ದಾರೆ. ನಾವು ಇಂದು ಆರಿಸಿಕೊಂಡಿರುವುದು ಬಹು ಚಿಕ್ಕ ವಿಷಯ. ಪಿಯಾನೋ, ಆರ್ಗನ್, ಹಾರ್ಮೋನಿಯಂ, ಕೀಬೋರ್ಡ್ ಇವುಗಳಲ್ಲಿ ಯಾವುದೇ ಆಗಲಿ, ಅದರ ಮುಂದೆ ಪ್ರತಿದಿನವೂ ತಪ್ಪದೆ ಕುಳಿತುಕೊಳ್ಳುವುದು ಹೇಗೆ ಎಂಬುದು.

ಈ ವಿಷಯವನ್ನೇ ಏಕೆ ಆರಿಸಿಕೊಂಡೆವೆಂಬುದನ್ನು ಮೊದಲೇ ಹೇಳಿಬಿಡುತ್ತೇವೆ. ಕಳೆದ ಪಾಸ್ಕ ಜಾಗರಣೆಯ ರಾತ್ರಿ ತಮ್ಮಲ್ಲಿ ಅನೇಕರು ಈ ದೇವಾಲಯದಲ್ಲಿದ್ದಿರಿ. ಹಲವು ವರ್ಷಗಳಿಂದ ನಮಗಾಗಿ ವಾದ್ಯ ನುಡಿಸುತ್ತಿರುವ ಹಿರಿಯರು ಅಂದು ಜ್ವರದಿಂದ ಮಲಗಿದ್ದರು. ಮಹಿಮಾಗೀತೆಗೆ ಗಂಟೆಗಳು ಮೊಳಗಿದವು, ದೀಪಗಳು ಹತ್ತಿದವು, ಆದರೆ ವಾದ್ಯದ ಮುಂದೆ ಕೂರುವವರು ಯಾರೂ ಇರಲಿಲ್ಲ. ಯುವಕನೊಬ್ಬ ಸದುದ್ದೇಶದಿಂದಲೇ ತನ್ನ ಮೊಬೈಲನ್ನು ಧ್ವನಿವರ್ಧಕಕ್ಕೆ ಜೋಡಿಸಿ, ಮುದ್ರಿತ ಸಂಗೀತವನ್ನು ಹಾಕಿದನು. ಅದರ ಶ್ರುತಿ ನಮ್ಮ ತಾಯಂದಿರ ಕಂಠಕ್ಕೆ ಎಟುಕಲಿಲ್ಲ. ಅದರ ವೇಗಕ್ಕೆ ನಮ್ಮ ಅಜ್ಜಂದಿರು ಓಡಲಾರದೆ ಹೋದರು. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಸಭೆಯೆಲ್ಲ ಬಾಯಿ ಮುಚ್ಚಿಕೊಂಡು ನಿಂತಿತ್ತು, ಹಾಡುತ್ತಿದ್ದುದು ಯಂತ್ರವೊಂದೇ. ನೂರು ವರ್ಷ ತಾನೇ ಹಾಡಿಕೊಂಡು ಬಂದ ಧರ್ಮಕೇಂದ್ರ ಆ ರಾತ್ರಿ ಕೇಳುಗರ ಗುಂಪಾಯಿತು. ನಾಲ್ಕು ಊರುಗಳ ಗಾನವೃಂದಗಳಲ್ಲಿ ನುಡಿಸಬಲ್ಲವರ ಲೆಕ್ಕ ಹಾಕಿದರೆ ಒಂದು ಕೈಯ ಬೆರಳುಗಳೇ ಸಾಕು. ಅವರಲ್ಲಿಯೂ ಅರವತ್ತು ದಾಟದವರು ಇಬ್ಬರೇ.

ಪಿಯಾನೋ ಕುರಿತು ಒಂದು ಸಂಗತಿ ಹೇಳಬೇಕು. ಕೇಳಿದರೆ ನಗು ಬರಬಹುದು. 1903ರ ನವೆಂಬರ್ 22ರಂದು, ಸಂತ ಸಿಸಿಲಿಯಮ್ಮನವರ ಹಬ್ಬದ ದಿನ, ಹತ್ತನೆಯ ಭಕ್ತಿನಾಥ ಜಗದ್ಗುರುಗಳು ದೇವಾಲಯ ಸಂಗೀತವನ್ನು ಕುರಿತು ಹೊರಡಿಸಿದ ಆಜ್ಞೆಯಲ್ಲಿ ಪಿಯಾನೋವನ್ನು ದೇವಾಲಯದೊಳಗೆ ನುಡಿಸಕೂಡದೆಂದು ಸ್ಪಷ್ಟವಾಗಿ ನಿಷೇಧಿಸಿದ್ದರು. ಡೋಲು, ತಾಳಗಳ ಜೊತೆಗೇ ಅದೂ ಹೊರಗುಳಿಯಿತು. ಆರ್ಗನ್ನಿಗೆ ಒಳಗೆ ಸ್ಥಾನವಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಪ್ರಕಟಿಸಿದ ದೈವಾರಾಧನೆಯ ಸಂವಿಧಾನ ಆರ್ಗನ್ನಿನ ಗೌರವವನ್ನು ಉಳಿಸಿಕೊಂಡೇ, ಆಯಾ ದೇಶದ ಅಧಿಕಾರಿಗಳ ಸಮ್ಮತಿಯಿಂದ ಆರಾಧನೆಗೆ ತಕ್ಕ ಬೇರೆ ವಾದ್ಯಗಳಿಗೂ ಬಾಗಿಲು ತೆರೆಯಿತು. ಇಂದು ಹಳ್ಳಿಯ ಗುಡಿಯಲ್ಲಿಯೂ ಕೀಬೋರ್ಡಿನ ಗುಂಡಿಯೊಂದನ್ನು ಒತ್ತಿದರೆ ಪಿಯಾನೋದ ನಾದ ಬರುತ್ತದೆ. ಬಾಗಿಲು ತೆರೆದಿದೆ, ಒಳಗೆ ಬರುವವರು ಬೇಕಾಗಿದ್ದಾರೆ.

ನಮ್ಮ ಸೀಮೆಗೆ ಈ ವಾದ್ಯಗಳ ಪರಿಚಯ ಹೊಸತೇನಲ್ಲ. ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ದೆಬೇನ್ ಎಂಬುವರು 1842ರಲ್ಲಿ ಹಾರ್ಮೋನಿಯಂಗೆ ಪೇಟೆಂಟ್ ಪಡೆದರು. ಅದು ಭಾರತಕ್ಕೆ ಬಂದು, ಕಲ್ಕತ್ತೆಯಲ್ಲಿ ಕೈಯಿಂದ ಗಾಳಿ ಹಾಕುವ ಪೆಟ್ಟಿಗೆಯ ರೂಪ ಪಡೆಯಿತು. 1940ರಲ್ಲಿ ಆಕಾಶವಾಣಿ ಅದನ್ನು ಬಹಿಷ್ಕರಿಸಿತು, 1971ರವರೆಗೆ ಒಳಗೆ ಬಿಡಲಿಲ್ಲ. ಆ 31 ವರ್ಷ ಅದು ನಾಟಕದ ಕಂಪನಿಗಳಲ್ಲಿಯೂ ದೇವಾಲಯಗಳಲ್ಲಿಯೂ ಉಸಿರಾಡಿಕೊಂಡಿತ್ತು. ಹೊಳಲ್ಕೆರೆ, ಹೊಸದುರ್ಗದ ಕಡೆಯ ಹಿರಿಯರಿಗೆ ನೆನಪಿರಬಹುದು: ಸುಗ್ಗಿ ಮುಗಿದ ಮೇಲೆ ಊರಿನವರು ಪೌರಾಣಿಕ ನಾಟಕ ಕಟ್ಟುವಾಗ ಹಾರ್ಮೋನಿಯಂ ಮೇಷ್ಟ್ರು ಕಾಲು ಹಾರ್ಮೋನಿಯಂನೊಡನೆ ಬಂದು ಬಿಡಾರ ಹೂಡುತ್ತಿದ್ದರು. ಹೊಲದಿಂದ ಬಂದು ಉಂಡ ಮೇಲೆ ಪ್ರತಿರಾತ್ರಿ ತಾಲೀಮು. ಅಕ್ಷರ ಬಾರದ ರೈತನೂ ಎರಡು ತಿಂಗಳಲ್ಲಿ ದುರ್ಯೋಧನನ ಪಾತ್ರದ ಅಷ್ಟೂ ಕಂದಪದ್ಯಗಳನ್ನು ಶ್ರುತಿ ಬಿಡದೆ ಹಾಡುತ್ತಿದ್ದನು. ಅವನಿಗೆ ಇದ್ದದ್ದು ವಿಶೇಷ ಪ್ರತಿಭೆಯಲ್ಲ. ಊಟ ಮುಗಿದ ಕೂಡಲೇ ಕಾಲು ತಾನಾಗಿ ತಾಲೀಮಿನ ಮನೆಯ ಕಡೆಗೆ ನಡೆಯುತ್ತಿತ್ತು, ಅಷ್ಟೆ.

ಇನ್ನು ನಮ್ಮ ಕಥೆ. ಗುರುಮಠದಲ್ಲಿ ಓದುತ್ತಿದ್ದಾಗ ವೃದ್ಧ ಗುರುಗಳೊಬ್ಬರು ನಮಗೆ ಕಾಲು ಹಾರ್ಮೋನಿಯಂ ಕಲಿಸಲು ಒಪ್ಪಿಕೊಂಡರು. ಅವರ ನಿಯಮ ಒಂದೇ: ಸಂಜೆಯ ಆಟ ಮುಗಿದು ಜಪದ ಗಂಟೆ ಹೊಡೆಯುವ ಮುನ್ನ ಇಪ್ಪತ್ತು ನಿಮಿಷ ನುಡಿಸಬೇಕು. ನಾವು ಬುದ್ಧಿವಂತರೆಂದು ತಿಳಿದಿದ್ದೆವು. ವಾರವೆಲ್ಲ ಫುಟ್‌ಬಾಲಿನ ನೆವದಿಂದ ತಪ್ಪಿಸಿಕೊಂಡು ಶನಿವಾರ ಮೂರು ಗಂಟೆ ಒಂದೇ ಸಮನೆ ಕುಳಿತುಬಿಡುತ್ತಿದ್ದೆವು. ಶನಿವಾರ ರಾತ್ರಿ ಎಲ್ಲವೂ ಬರುತ್ತಿತ್ತು, ಮುಂದಿನ ಬುಧವಾರಕ್ಕೆ ಏನೂ ಉಳಿದಿರುತ್ತಿರಲಿಲ್ಲ. ಗುರುಮಠದ ಹಬ್ಬದ ದಿನ ಪ್ರವೇಶಗೀತೆ ನುಡಿಸುವ ಸರದಿ ನಮ್ಮದಾಯಿತು. ಎರಡನೆಯ ಚರಣದಲ್ಲಿ ಎಡಗೈ ನಿಂತಿತು. ಎಡಗೈ ನಿಂತ ಗಾಬರಿಗೆ ತಿದಿ ಒತ್ತುತ್ತಿದ್ದ ಕಾಲೂ ನಿಂತಿತು. ವಾದ್ಯ ನಿಟ್ಟುಸಿರಿಟ್ಟು ಮೌನವಾಯಿತು. ಸಹಪಾಠಿಗಳು ನಮ್ಮನ್ನು ಬಿಟ್ಟು ಹಾಡಿಕೊಂಡು ಮುಂದೆ ಹೋದರು. ಪೂಜೆಯಾದ ಮೇಲೆ ಆ ಗುರುಗಳು ಬೈಯಲಿಲ್ಲ. "ಬ್ರದರ್, ಒಂದು ವಾರದ ಊಟವನ್ನು ಶನಿವಾರವೇ ಮಾಡಿಬಿಡುತ್ತೀರಾ?" ಎಂದು ಕೇಳಿದರು. ನಾವು ನಾಚಿಕೊಂಡು ತಿದ್ದಿಕೊಂಡೆವೆಂದು ಹೇಳಿದರೆ ಸುಳ್ಳಾಗುತ್ತದೆ, ನಾಚಿಕೊಂಡು ಬಿಟ್ಟೇಬಿಟ್ಟೆವು. ಆದುದರಿಂದಲೇ ಪಾಸ್ಕದ ಆ ರಾತ್ರಿ ಬಲಿಪೀಠದಲ್ಲಿ ನಿಂತಿದ್ದ ನಮಗೂ ವಾದ್ಯದ ಬಳಿ ಹೋಗಿ ಕೈಯಿಡುವ ಯೋಗ್ಯತೆ ಇರಲಿಲ್ಲ.

ಪಿಯಾನೋ ಕಲಿಯುವವರ ಮನೆಗಳಲ್ಲಿ ಹಾನೋನ್ ಎಂಬ ಹೆಸರು ಕೇಳದವರಿಲ್ಲ. 1873ರಲ್ಲಿ ಅವರು ಹೊರತಂದ ಪುಸ್ತಕದಲ್ಲಿ ಬೆರಳುಗಳಿಗಾಗಿ 60 ಸಾಧನೆಗಳಿವೆ, ನಮ್ಮ ಸರಳೆ ವರಸೆಗಳಂತೆಯೇ ಸಪ್ಪೆ, ಅಷ್ಟೇ ಉಪಯುಕ್ತ. ಈ ಶಾರ್ಲ್ ಲೂಯಿ ಹಾನೋನ್ 1819ರಲ್ಲಿ ಉತ್ತರ ಫ್ರಾನ್ಸಿನ ರೆನೆಸ್ಕೂರ್ ಎಂಬ ಹಳ್ಳಿಯಲ್ಲಿ ಹುಟ್ಟಿದವರು, ಭಕ್ತ ಕಥೋಲಿಕರು, ಸಂತ ಫ್ರಾನ್ಸಿಸ್ಸರ ಮೂರನೆಯ ಸಭೆಯ ಸದಸ್ಯರು, ಬಡವರ ಸೇವೆಗಾಗಿ ಸಂತ ವಿನ್ಸೆಂಟ್ ಡಿ ಪಾಲ್ ಸಂಘದಲ್ಲಿಯೂ ಇದ್ದವರು. ದೊಡ್ಡ ಸಭಾಂಗಣಗಳ ಕಲಾವಿದರಲ್ಲ, ಪಾಠ ಹೇಳಿಕೊಡುವ ಮೇಷ್ಟ್ರು. ಅರುವತ್ತೂ ಸಾಧನೆಗಳನ್ನು ಕಲಿತವನು ಒಂದು ಗಂಟೆಯಲ್ಲಿ ಎಲ್ಲವನ್ನೂ ನುಡಿಸಿ ಮುಗಿಸಬಹುದೆಂದು ಅವರು ಲೆಕ್ಕ ಹಾಕಿದ್ದರು. ಒಂದು ಗಂಟೆ ನಮ್ಮ ಮಕ್ಕಳಿಗೆ ಹೆಚ್ಚಾಯಿತೆಂದೇ ನಮ್ಮ ಅಭಿಪ್ರಾಯ. ಶಾಲೆ, ಟ್ಯೂಷನ್, ಮನೆಗೆಲಸ ಎಲ್ಲವೂ ಇರುವಾಗ ಅಷ್ಟು ಕೇಳುವುದು ಅನ್ಯಾಯ.

ಇನ್ನೊಂದು ಉದಾಹರಣೆ ನಮ್ಮ ನಾಡಿನದೇ. ಚಿತ್ರದುರ್ಗ ಮೈಸೂರು ಸಂಸ್ಥಾನಕ್ಕೆ ಸೇರಿದ್ದ ಕಾಲದ ಕೊನೆಯ ಮಹಾರಾಜರಾದ ಜಯಚಾಮರಾಜೇಂದ್ರ ಒಡೆಯರು ಪಿಯಾನೋ ವಾದಕರಾಗಬೇಕೆಂದು ಹಂಬಲಿಸಿದ್ದವರು. 1940ರಲ್ಲಿ, ಇಪ್ಪತ್ತೊಂದರ ಪ್ರಾಯದಲ್ಲಿ, ಸಿಂಹಾಸನ ಅವರ ಪಾಲಿಗೆ ಬಂದಿತು. ವೃತ್ತಿಯ ಆಸೆ ಅಲ್ಲಿಗೆ ಮುಗಿಯಿತು. ಆದರೂ ಅಭ್ಯಾಸ ಉಳಿಯಿತು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದರು. 1945ರಲ್ಲಿ ಟ್ರಿನಿಟಿ ಕಾಲೇಜು ಅವರನ್ನು ಗೌರವ ಫೆಲೋ ಆಗಿ ಆರಿಸಿತು. ಇಂಗ್ಲೆಂಡಿನಲ್ಲಿ ವೃದ್ಧಾಪ್ಯ ಕಳೆಯುತ್ತಿದ್ದ ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ವಾಗ್ಗೇಯಕಾರರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಒದಗಿಸಿದವರು ಇವರೇ. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕಂಚರ್ಟೋವನ್ನು ಮೈಸೂರಿನ ದೊರೆಗೆ ಅರ್ಪಿಸಿದರು. ಅಷ್ಟಕ್ಕೇ ನಿಲ್ಲದೆ ಒಡೆಯರು ಕರ್ನಾಟಕ ಸಂಗೀತದ ಕಡೆಗೆ ತಿರುಗಿ 94 ಕೃತಿಗಳನ್ನು ರಚಿಸಿದರು. ರಾಜ್ಯಭಾರವಿದ್ದವರಿಗೆ ಸಮಯ ಸಿಕ್ಕಿತು. ಡಿಗ್ರಿ ಕಾಲೇಜಿನ ಹುಡುಗನೊಬ್ಬ "ಟೈಮೇ ಸಿಗೋಲ್ಲ ಫಾದರ್" ಎಂದಾಗ ನಾವು ಮುಗುಳ್ನಗದಿರಲಾರೆವು. ಅವರಿಗೆ ಆಳುಗಳಿದ್ದರು ಎಂದು ಅವನೂ ಮಾರುತ್ತರ ಕೊಟ್ಟನು, ಅದೂ ನಿಜವೇ.

ಆದುದರಿಂದ ಆಳುಗಳಿಲ್ಲದವರ ಮಾತಿಗೆ ಬರೋಣ. ಲಂಡನ್ನಿನ ವಿಶ್ವವಿದ್ಯಾನಿಲಯ ಕಾಲೇಜಿನ ಸಂಶೋಧಕರು 96 ಜನರನ್ನು ಇಟ್ಟುಕೊಂಡು, ಹೊಸ ರೂಢಿಯೊಂದು ತಾನಾಗಿ ನಡೆಯುವಂತಾಗಲು ಎಷ್ಟು ದಿನ ಬೇಕೆಂದು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ಸರಾಸರಿ 66 ದಿನ. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕೆಂಬ ಲೆಕ್ಕ ಬಂದಿತು. ಅಲ್ಲಿ ನಮಗೆ ಹಿಡಿಸಿದ ಅಂಶಗಳು ಎರಡು. ಹೊಸ ಕೆಲಸವನ್ನು ದಿನವೂ ನಡೆಯುವ ಹಳೆಯ ಕೆಲಸವೊಂದಕ್ಕೆ, ಉದಾಹರಣೆಗೆ ಬೆಳಗಿನ ತಿಂಡಿಗೆ, ಗಂಟು ಹಾಕಬೇಕು. ಎರಡನೆಯದು, ಒಂದು ದಿನ ತಪ್ಪಿದ ಮಾತ್ರಕ್ಕೆ ರೂಢಿ ಕೆಡಲಿಲ್ಲ. ತಪ್ಪಿದ ದಿನಕ್ಕಾಗಿ ಮರುದಿನ ಎರಡರಷ್ಟು ನುಡಿಸುವ ಅಗತ್ಯವೂ ಇಲ್ಲ, ಮರುದಿನ ಕುಳಿತರಾಯಿತು. ನಮ್ಮಲ್ಲಿ ಅನೇಕರು ತಪ್ಪಿದ ದಿನದ ಅಪರಾಧಭಾವದಿಂದಲೇ ವಾದ್ಯ ಮುಚ್ಚಿಟ್ಟವರು.

ಹಳೆಯ ಕೆಲಸಕ್ಕೆ ಗಂಟು ಹಾಕುವುದು ನಮಗೆ ತಿಳಿಯದ ವಿದ್ಯೆಯೇ? ತ್ರಿಕಾಲ ಜಪದ ಗಂಟೆ ಮತ್ತೇನು? ಗಂಟೆ ಕೇಳಿದಾಗ ಪ್ರಾರ್ಥಿಸುವ ಮನಸ್ಸಿದೆಯೇ ಎಂದು ಯಾರೂ ತಮ್ಮನ್ನು ತಾವೇ ಕೇಳಿಕೊಳ್ಳುವುದಿಲ್ಲ. ಹೊಳಲ್ಕೆರೆಯ ಕಡೆಯ ಟೀಚರಮ್ಮ ಒಬ್ಬರು ಇಲ್ಲಿಯೇ ಕುಳಿತಿದ್ದಾರೆ, ಹೆಸರು ಹೇಳಿದರೆ ಕೋಪಿಸಿಕೊಳ್ಳುತ್ತಾರೆ. ಐವತ್ತು ದಾಟಿದ ಮೇಲೆ ಕಲಿಯಲು ಆರಂಭಿಸಿದರು. ಬೆಳಿಗ್ಗೆ ಕುಕ್ಕರ್ ಒಲೆಯ ಮೇಲಿಟ್ಟು ವಾದ್ಯದ ಮುಂದೆ ಕೂರುತ್ತಾರೆ. ಬಸ್ಸಿನ ಹೊತ್ತಾದಾಗ ಏಳುತ್ತಾರೆ. ಮೂರು ವರ್ಷಗಳಾಗಿವೆ. ಇಂದು ಬೆಳಗಿನ ಕಾಣಿಕೆಗೀತೆಯನ್ನು ನುಡಿಸಿದವರು ಅವರೇ.

ಹಿರಿಯೂರಿನವರಿಗೆ ಒಂದು ಮಾತು. ತಮ್ಮ ವಾಣಿವಿಲಾಸ ಸಾಗರದ ಕಟ್ಟೆ 1907ರಲ್ಲಿ ಮುಗಿಯಿತು. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ರಜೆ ಬರಲಿ, ಪರೀಕ್ಷೆ ಮುಗಿಯಲಿ, ಆಗ ಒಂದೇ ಸಲ ಕುಳಿತು ಕಲಿಯುತ್ತೇನೆ ಎನ್ನುವವರು 89 ವರ್ಷಗಳ ಮೇಲೆ ಬಂದ ಅಂಥ ಮಳೆಯನ್ನು ಕಾಯುತ್ತಿದ್ದಾರೆ.

ನಮ್ಮ ಹಿರಿಯರ ಲೆಕ್ಕದಲ್ಲಿ ಒಂದು ಗಳಿಗೆಯೆಂದರೆ 24 ನಿಮಿಷ. ನಾವು ಕೇಳುವುದು ದಿನಕ್ಕೊಂದು ಗಳಿಗೆ. ವಾರದ ಆರು ದಿನಕ್ಕೆ 144 ನಿಮಿಷ, ಅಂದರೆ ನಾವು ಗುರುಮಠದಲ್ಲಿ ಶನಿವಾರ ಹಾಳು ಮಾಡುತ್ತಿದ್ದ ಮೂರು ಗಂಟೆಗಿಂತಲೂ ಕಡಿಮೆ. ಆದರೆ ನಡುವೆ ಆರು ರಾತ್ರಿಗಳ ನಿದ್ರೆ ಇರುತ್ತದೆ. ಬೆರಳುಗಳಿಗೆ ಹಗಲು ಕಲಿಸಿದ ಪಾಠ ನಿದ್ರೆಯಲ್ಲಿ ಮಿದುಳಿನೊಳಗೆ ನೆಲೆಗೊಳ್ಳುತ್ತದೆಂದು ಇಂದಿನ ವಿಜ್ಞಾನ ಕಂಡುಕೊಂಡಿದೆ. ಆ ಗಳಿಗೆಯಲ್ಲಿ ಮೊದಲ ಐದು ನಿಮಿಷ ಬೆರಳು ಸಾಧನೆ, ಒಂದೊಂದೇ ಕೈ, ನಿಧಾನವಾಗಿ. ಬಳಿಕ ಭಾನುವಾರದ ಹಾಡಿನಲ್ಲಿ ಕೈ ತಡವರಿಸುವ ಆ ಎರಡು ಸಾಲುಗಳನ್ನು ಮಾತ್ರ ತಿದ್ದಬೇಕು; ಬರುವುದನ್ನೇ ಮತ್ತೆ ಮತ್ತೆ ನುಡಿಸುವುದು ಅಭ್ಯಾಸವಲ್ಲ, ವಿಹಾರ. ಕೊನೆಯಲ್ಲಿ ಒಮ್ಮೆ ಇಡೀ ಹಾಡನ್ನು, ಎದುರಿಗೆ ಸಭೆ ನಿಂತಿದೆಯೆಂದು ಭಾವಿಸಿ, ತಪ್ಪಾದರೂ ನಿಲ್ಲಿಸದೆ ನುಡಿಸಿರಿ. ಹಾಡುವವರು ಉಸಿರೆಳೆದುಕೊಳ್ಳುವ ಕಡೆ ತಾವೂ ಉಸಿರೆಳೆದುಕೊಳ್ಳಿರಿ. ಕೀಬೋರ್ಡಿನಲ್ಲಿ ತಾನೇ ತಾಳ ಹಾಕುವ ಗುಂಡಿಯನ್ನು ಅಭ್ಯಾಸದ ವೇಳೆ ದಯವಿಟ್ಟು ಮುಟ್ಟಬೇಡಿರಿ. ಅದು ಊರುಗೋಲು, ಕಾಲು ಗಟ್ಟಿಯಾಗಲು ಬಿಡುವುದಿಲ್ಲ. ವಾದ್ಯ ಸಣ್ಣದೆಂಬ ಕೊರಗೂ ಬೇಡ. ಪಿಯಾನೋಗೆ 88 ಮನೆಗಳು, ನಮ್ಮದಕ್ಕೆ 61. ನಾವು ಹಾಡುವ ಗೀತೆಗಳಿಗೆ ಅಷ್ಟೇ ಧಾರಾಳ. ಟ್ರಿನಿಟಿಯ ಪಿಯಾನೋ ಪರೀಕ್ಷೆಗೆ ಕೂರಬೇಕೆನ್ನುವವರಿಗೆ ಮಾತ್ರ ಭಾರದ ಮನೆಗಳಿರುವ ವಾದ್ಯ ಬೇಕಾಗುತ್ತದೆ. ಅಂಥವರು ನಮ್ಮನ್ನು ಬೇರೆಯಾಗಿ ಕಾಣಲಿ. ಕರೆಂಟು ಹೋದರೆ ಕೈಪೆಟ್ಟಿಗೆ ಇದ್ದೇ ಇದೆ.

ಕಡೆಯದಾಗಿ ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ಭಕ್ತಾದಿಗಳ ಕಾಣಿಕೆಯಿಂದ ಕೊಂಡ ಕೀಬೋರ್ಡಿಗೆ ದೂಳು ಬೀಳಬಾರದು, ಮಕ್ಕಳು ಕೆಡಿಸಬಾರದು ಎಂದು ಅದನ್ನು ಕೋಣೆಯಲ್ಲಿಟ್ಟು, ಬೀಗದ ಕೈಯನ್ನು ಗುರುನಿವಾಸದಲ್ಲಿ ನಮ್ಮ ಮೇಜಿನೊಳಗೆ ಇಟ್ಟುಕೊಂಡಿದ್ದವರು ನಾವೇ. ಕಲಿಯಬೇಕೆಂದು ಬಂದ ಹುಡುಗಿಯೊಬ್ಬಳು ನಾವು ಹಳ್ಳಿಗಳಿಗೆ ಪೂಜೆಗೆ ಹೋಗಿದ್ದಾಗ ಮೂರು ಸಲ ಬಂದು ಹಿಂದಿರುಗಿದಳಂತೆ. ನಾಲ್ಕನೆಯ ಸಲ ಬರಲಿಲ್ಲ. ವಾದ್ಯ ಇಂದಿಗೂ ಹೊಸದರಂತೆಯೇ ಇದೆ.

ಇಂದು ಬೆಳಿಗ್ಗೆ ಆ ಬೀಗದ ಕೈಯನ್ನು ದೇವಾಲಯದ ಪಕ್ಕದ ಬಾಗಿಲ ಒಳಗಡೆ ಮೊಳೆಗೆ ತೂಗುಹಾಕಿದ್ದೇವೆ. ಅದರ ಕೆಳಗೆ ಒಂದು ನೋಟ್‌ಬುಕ್ ಇದೆ. ಬೆಳಗಿನ ಪೂಜೆಯ ನಂತರದಿಂದ ರಾತ್ರಿ ಎಂಟರವರೆಗೆ ಗಳಿಗೆ ಗಳಿಗೆಯಾಗಿ ಗೆರೆ ಎಳೆದಿದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯವರು ತಮ್ಮ ತಮ್ಮ ಊರಿನಲ್ಲಿಯೇ ಇಂಥ ಒಂದು ಪುಸ್ತಕ ಇಟ್ಟುಕೊಳ್ಳಬಹುದು. ವಾದ್ಯ ಕೆಟ್ಟರೆ ರಿಪೇರಿ ಮಾಡಿಸೋಣ. ನಾಳೆ ಸಂಜೆ ತ್ರಿಕಾಲ ಜಪದ ನಂತರದ ಗಳಿಗೆಗೆ ಇನ್ನೂ ಯಾರೂ ಹೆಸರು ಬರೆದಿರಲಿಲ್ಲವಾಗಿ ಅಲ್ಲಿ ನಮ್ಮ ಹೆಸರನ್ನೇ ಬರೆದಿದ್ದೇವೆ.