ಹುಟ್ಟಿನೊಡನೆ ಬಂದದ್ದು



ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಊಟಕ್ಕೆ ಕುಳಿತವರನ್ನು, ನಿಮ್ಮ ಮೈಯಲ್ಲಿ ಯಾವ ವ್ಯಾಧಿಯುಂಟೆಂದು ಯಾರೂ ಕೇಳುವುದಿಲ್ಲ. ಆದರೆ ಅದೇ ಬೆಟ್ಟಸಾಲಿನಲ್ಲಿ ಕಳಸ, ಮೂಡಿಗೆರೆಗಳ ಕಾಫಿ ತೋಟದ ಲೈನ್ ಮನೆಯೊಂದರಿಂದ ಎಚ್‌ಐವಿ ಎಂಬ ಮಾತು ಹೊರಬಿದ್ದರೆ ತಟ್ಟೆಲೋಟಗಳು ಬೇರೆಯಾದಾವೆಂಬ ಅಂಜಿಕೆ ಇಂದಿಗೂ ಸತ್ತಿಲ್ಲ. ತಾಯಿಯಿಂದಲೇ ಈ ಸೋಂಕನ್ನು ಪಡೆದು ಜನಿಸಿ ಈಗ ಪ್ರಾಯಕ್ಕೆ ಬಂದಿರುವ ತರುಣ ತರುಣಿಯರು ಈ ಅಂಜಿಕೆಯ ನಡುವೆಯೇ ಬಾಳಬೇಕಾಗಿದೆ.

ಚಿಕಿತ್ಸೆ ದೊರೆಯದಿದ್ದರೆ ಇಂತಹ ಶಿಶುಗಳಲ್ಲಿ ಸುಮಾರು ಅರ್ಧದಷ್ಟು 2 ವರ್ಷ ತುಂಬುವ ಮೊದಲೇ ಅಸುನೀಗುತ್ತವೆ. ನಮ್ಮ ದೇಶದ ಸರಕಾರಿ ಆಸ್ಪತ್ರೆಗಳಲ್ಲಿ ಎಚ್‌ಐವಿ ವೈರಾಣುವನ್ನು ಹತ್ತಿಕ್ಕುವ ಎಆರ್‌ಟಿ ಔಷಧ ಉಚಿತವಾಗಿ ದೊರೆಯತೊಡಗಿದ್ದು 2004ರ ಏಪ್ರಿಲ್‌ನಲ್ಲಿ. ಮಕ್ಕಳಿಗೆಂದೇ ಪ್ರತ್ಯೇಕ ಯೋಜನೆ ಬಂದದ್ದು 2006ರಲ್ಲಿ. ಆದ್ದರಿಂದ ಇಂದು ಇಪ್ಪತ್ತು ದಾಟಿದವರನ್ನು ಔಷಧ ಉಳಿಸಿದ ಕೂಸುಗಳೆನ್ನಬಹುದು. ಅನೇಕರು ಅಜ್ಜಿ ಸಾಕಿದ ಕೂಸುಗಳೂ ಹೌದು, ಏಕೆಂದರೆ ಔಷಧ ಬರುವಷ್ಟರಲ್ಲಿ ಹೆತ್ತವರು ತೀರಿಹೋಗಿದ್ದರು.

ಆ ಅಜ್ಜಿ ಮೊಮ್ಮಗುವಿಗೆ ಏನೆಂದು ಹೇಳಿಯಾಳು? “ನಿಂಗೆ ರಕ್ತ ಕಮ್ಮಿ ಮಗಾ, ಶಕ್ತಿಗೆ ಮಾತ್ರೆ” ಎಂದು. ಅವಳನ್ನು ನಾನು ದೂಷಿಸಲಾರೆ. ಆದರೆ ಮಗು ಓದು ಕಲಿಯುತ್ತದೆ. ಆಸ್ಪತ್ರೆಯ ಗೋಡೆಯ ಫಲಕದಿಂದಲೋ, ಪ್ರೌಢಶಾಲೆಯ ವಿಜ್ಞಾನದ ಪಾಠದಿಂದಲೋ ತನ್ನ ಗುಟ್ಟನ್ನು ತಾನೇ ಕಂಡುಕೊಂಡು, ಮನೆಯವರೆಲ್ಲ ತನಗೆ ಸುಳ್ಳಾಡಿದರೆಂಬ ರೋಷದಲ್ಲಿ ಮಾತ್ರೆಯನ್ನೇ ಬಿಟ್ಟುಬಿಡುತ್ತದೆ. ಬಿಟ್ಟುಬಿಟ್ಟು ನುಂಗಿದ ಔಷಧಕ್ಕೆ ವೈರಾಣು ಒಗ್ಗಿಕೊಂಡು, ಮುಂದೆ ಆ ಔಷಧ ನಾಟದೆ ಹೋಗುತ್ತದೆ. ಶಾಲೆಗೆ ಹೋಗುವ ವಯಸ್ಸಿನಲ್ಲಿಯೇ, ಅರಗುವಷ್ಟು ಅರಗುವಷ್ಟಾಗಿ, ಮಕ್ಕಳಿಗೆ ನಿಜ ತಿಳಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಸೂಚಿಸಿದ್ದು ಅಕಾರಣವಲ್ಲ.

ಪ್ರಾಯಕ್ಕೆ ಬಂದ ಮೇಲೆ ಕೇಳುವವರು ಬೇರೆ. ಮಾತ್ರೆ ತರಲು ಹೊರನಾಡಿನಿಂದ ಚಿಕ್ಕಮಗಳೂರಿಗೆ ಘಟ್ಟದ ದಾರಿಯಲ್ಲಿ ಸುಮಾರು ನೂರು ಕಿಲೋಮೀಟರು. ಹಣ್ಣು ಕೊಯ್ಲಿನ ದಿನಗಳಲ್ಲಿ ಆಸ್ಪತ್ರೆಗೆಂದು ರಜೆ ಬೇಡಿದರೆ, ಏನು ಕಾಯಿಲೆಯೆಂದು ತೋಟದ ರೈಟರು ಕೇಳದಿರುವರೆ? ಆರೋಗ್ಯ ಸ್ಥಿರವಾದವರಿಗೆ 3 ತಿಂಗಳ ಮಾತ್ರೆಯನ್ನು ಒಮ್ಮೆಗೇ ಕೊಡುವ ಪದ್ಧತಿ ಬಂದದ್ದು ಇಂತಹವರಿಗೆ, ಔಷಧಕ್ಕಿಂತ ಮಿಗಿಲಾಗಿ, ತಿಂಗಳಿಗೊಂದರಂತೆ ಹೇಳಬೇಕಿದ್ದ ಮೂರು ಸುಳ್ಳುಗಳಲ್ಲಿ ಎರಡನ್ನು ತಪ್ಪಿಸಿತು. 2017ರ ಎಚ್‌ಐವಿ ಕಾಯಿದೆ, 2018ರ ಸೆಪ್ಟೆಂಬರಿನಿಂದ ಜಾರಿಗೆ ಬಂದು, ಉದ್ಯೋಗದಲ್ಲಿಯೂ ಶಾಲೆಯಲ್ಲಿಯೂ ಭೇದವನ್ನು ನಿಷೇಧಿಸಿದೆ. ಅದರಲ್ಲಿ ಇನ್ನೊಂದು ವಿಧಿಯುಂಟು: ಸೋಂಕಿನಿಂದ ಬಾಧಿತವಾದ ಮನೆಯ ಭಾರ ಹೊತ್ತ, ತಿಳಿವಳಿಕೆಯುಳ್ಳ ಅಕ್ಕನೋ ಅಣ್ಣನೋ 12 ವರ್ಷ ತುಂಬಿದ್ದರೆ ತಮ್ಮತಂಗಿಯರಿಗೆ ಪೋಷಕರಾಗಬಹುದು. ಕಾನೂನು ಹೀಗೆ ಬರೆಯಬೇಕಾಯಿತೆಂದರೆ ಎಂತೆಂತಹ ಮನೆಗಳನ್ನು ಕಂಡಿತ್ತೋ!

ಇನ್ನು ವಿವಾಹ. ಮಾತ್ರೆಯನ್ನು ತಪ್ಪದೆ ಸೇವಿಸಿ, ರಕ್ತದಲ್ಲಿ ವೈರಾಣು ಪರೀಕ್ಷೆಗೆ ಸಿಗದಷ್ಟು ಕುಗ್ಗಿದ ಸ್ಥಿತಿ ನಿಂತಿದ್ದರೆ, ದಾಂಪತ್ಯದಲ್ಲಿ ಸೋಂಕು ಸಂಗಾತಿಗೆ ದಾಟುವುದಿಲ್ಲ. ಯಾವ ಉಪಾಯವೂ ಇಲ್ಲದಾಗ ತಾಯಿಯಿಂದ ನೂರರಲ್ಲಿ 15ರಿಂದ 45 ಶಿಶುಗಳಿಗೆ ತಗಲುತ್ತಿದ್ದ ಸೋಂಕು, ತಾಯಿಗೆ ಎಆರ್‌ಟಿಯನ್ನೂ ಹಸುಳೆಗೆ ಔಷಧವನ್ನೂ ಕೊಟ್ಟರೆ 5ಕ್ಕಿಂತ ಕೆಳಗಿಳಿಯುತ್ತದೆ. ವಿಜ್ಞಾನ ಇಷ್ಟನ್ನು ಹೇಳಿ ಮುಗಿಸಿತು. ಆದರೆ ಹೆಣ್ಣು ನೋಡಲು ಬಂದವರು ಜಾತಕ ಕೇಳಿದಾಗ, ತನಗೆ ಸೋಂಕಿದೆಯೆಂಬ ಮಾತನ್ನು ಕಾಫಿಯ ಲೋಟ ಕೈಗಿಡುವ ಮೊದಲು ಹೇಳುವುದೋ, ಅನಂತರವೋ? ಮದುವೆಗೆ ಮುನ್ನ ಹೇಳಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಬ್ಬಳೇ ಹೇಳಬೇಕಾಗಿಲ್ಲ. ಹುಡುಗನನ್ನೂ ಜತೆಗೆ ಕರೆತಂದರೆ ಎಆರ್‌ಟಿ ಕೇಂದ್ರದ ಆಪ್ತಸಮಾಲೋಚಕರು ಇಬ್ಬರನ್ನೂ ಎದುರು ಕುಳ್ಳಿರಿಸಿಕೊಂಡು, ಅವಳ ಒಪ್ಪಿಗೆ ಪಡೆದು, ಮೊದಲಿನಿಂದ ವಿವರಿಸುತ್ತಾರೆ.