ವಿಮಾನವಿಳಿದ ನೆಲಗಳು

(ಕುಮಟೆಯ ಭಕ್ತಸಭೆಯಲ್ಲಿ ಮಾಡಿದ ಉಪನ್ಯಾಸ)



ವಿಮಾನನಿಲ್ದಾಣವೇ ಇಲ್ಲದ ಕುಮಟೆಯಲ್ಲಿ ಹಳೆಯ ವಿಮಾನನಿಲ್ದಾಣಗಳ ಪ್ರಸ್ತಾಪವೇತಕ್ಕೆ ಎಂಬ ಶಂಕೆಯು ಸಭಿಕರಲ್ಲಿ ಕೆಲವರಿಗಾದರೂ ಹುಟ್ಟುವುದು ಸಹಜವು. ಇದಕ್ಕೆ ಉತ್ತರವು ಎರಡು ಬಗೆಯದಾಗಿರುವುದು. ಇಲ್ಲಿಂದ ಸುಮಾರು 20 ಮೈಲು ದೂರದ ಅಂಕೋಲೆ ತಾಲೂಕಿನ ಅಲಗೇರಿಯ ಪರಿಸರದಲ್ಲಿ ವಿಮಾನನಿಲ್ದಾಣಕ್ಕಾಗಿ ಒಕ್ಕಲುಮಕ್ಕಳ ನೆಲವನ್ನು ಪಡೆಯುವ ಯೋಜನೆಯು ರೂಪುಗೊಂಡಿರುವುದು ಒಂದು. ದೂರದ ಸರಕು ಬಂದು ಸೇರುವ ಸ್ಥಳವೊಂದು ಹೇಗೆ ಏಳುವುದು, ದಾರಿ ತಿರುಗಿದ ಮೇಲೆ ಅದರ ಗತಿ ಏನಾಗುವುದು ಎಂಬುದನ್ನು ಕುಮಟೆಯಷ್ಟು ಚೆನ್ನಾಗಿ ಬಲ್ಲ ಊರು ಈ ಕರಾವಳಿಯಲ್ಲಿ ವಿರಳವೆಂಬುದು ಇನ್ನೊಂದು.

ಅಮೇರಿಕೆಯಲ್ಲಿ 1861ರಿಂದ 1865ರ ವರೆಗೆ ಅಂತರ್ಯುದ್ಧವು ನಡೆದಾಗ ಇಂಗ್ಲಂಡದ ಗಿರಣಿಗಳಿಗೆ ಆ ದೇಶದ ಅರಳೆಯು ಬರುವುದು ನಿಂತುಹೋಯಿತು. ಆಗ ಧಾರವಾಡ ಸೀಮೆಯ ಎರೆಹೊಲಗಳ ಹತ್ತಿಯು ಚಕ್ಕಡಿಗಳ ಮೇಲೆ ಘಟ್ಟವಿಳಿದು ಕುಮಟೆಯ ಬಂದರಕ್ಕೆ ಬಂದು, ಹಡಗುಗಳಲ್ಲಿ ಮುಂಬಯಿಗೆ ಸಾಗುತ್ತಿತ್ತು. ಕುಮಟೆಯಲ್ಲಿ ಹತ್ತಿ ಬೆಳೆಯದಿದ್ದರೂ ಪೇಟೆಯವರು ಆ ಅರಳೆಯನ್ನು ಕುಮಟಾ ಹತ್ತಿಯೆಂದೇ ಕರೆದರು. ಬೆಳೆದ ನೆಲದ ಹೆಸರು ಮರೆಯಾಗಿ, ಹಡಗೇರಿದ ನೆಲದ ಹೆಸರು ಉಳಿಯಿತು. ಆದರೆ ಘಟ್ಟದ ಮೇಲೆ ಉಗಿಬಂಡಿಯ ಹಳಿಗಳು ಹರಡಿ, 1888ರ ಹೊತ್ತಿಗೆ ಮಾರ್ಮಗೋವೆಯ ಬಂದರಕ್ಕೆ ರೈಲುದಾರಿಯು ಕೂಡಿಕೊಂಡಿತು. ಹತ್ತಿಯು ಆ ಕಡೆಗೆ ತಿರುಗಿತು. ಕುಮಟೆಯ ಸಮುದ್ರವಾಗಲಿ ದಂಡೆಯಾಗಲಿ ಕೆಟ್ಟದ್ದಿಲ್ಲ. ದಾರಿಯು ಬೇರೆಯಾಯಿತು, ಅಷ್ಟೇ. ವಿಮಾನನೆಲೆಗಳ ಚರಿತ್ರೆಯನ್ನು ಓದುವವರು ಈ ಮಾತನ್ನು ಮೊದಲು ನೆನಪಿನಲ್ಲಿಟ್ಟುಕೊಳ್ಳತಕ್ಕದ್ದು.

ಕನ್ನಡ ನಾಡಿನಲ್ಲಿ ವಿಮಾನದ ಟಪಾಲಿಗೆ ಮೊದಲು ತಾಣವಾದ ಊರು ಬಳ್ಳಾರಿ. 1932ನೆಯ ಇಸವಿಯ ಅಕ್ಟೋಬರ 15ರಂದು ಜೆ. ಆರ್. ಡಿ. ಟಾಟಾ ಅವರು ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಟಪಾಲಿನ ಚೀಲಗಳನ್ನು ಕರಾಚಿಯಿಂದ ಅಹಮದಾಬಾದದ ಮೇಲೆ ಮುಂಬಯಿಗೆ ತಂದರು. ಅಲ್ಲಿಂದ ಅವರ ಸಹೋದ್ಯೋಗಿಯಾದ ನೆವಿಲ್ ವಿನ್ಸೆಂಟರು ಅವನ್ನು ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದರು. ರಾತ್ರಿಯಲ್ಲಿ ಹಾರುವ ಮತ್ತು ಇಳಿಯುವ ಸಲಕರಣೆಗಳು ಆಗ ಈ ಮಾರ್ಗದಲ್ಲಿ ಇರಲಿಲ್ಲವಾದುದರಿಂದ ಬಳ್ಳಾರಿಯೇ ರಾತ್ರಿಯ ತಂಗುದಾಣವಾಯಿತು. ಆ ಕಾಲದ ವಿಮಾನಕ್ಕೆ ಬೇಕಾದುದು ಬಹಳವಿಲ್ಲ: ಸಮತಟ್ಟಾದ ಗಟ್ಟಿ ನೆಲ, ಎದುರಿಗೆ ಮರಗುಡ್ಡಗಳ ಅಡ್ಡಿಯಿಲ್ಲದ ಬಯಲು, ಗಾಳಿಯ ದಿಕ್ಕನ್ನು ತೋರಿಸುವ ಬಟ್ಟೆಯ ಚೀಲ, ಎಣ್ಣೆಯ ಡಬ್ಬಿಗಳು. ಮುಂಬಯಿಯ ಜುಹುವಿನಲ್ಲಿದ್ದ ನೆಲವಾದರೋ ಮಳೆಗಾಲದಲ್ಲಿ ಕೆಸರಾಗುತ್ತಿದ್ದುದರಿಂದ ಆ ತಿಂಗಳುಗಳಲ್ಲಿ ವಿಮಾನಗಳು ಪುಣೆಯನ್ನು ಆಶ್ರಯಿಸಬೇಕಾಗುತ್ತಿತ್ತು. ಹೀಗಿದ್ದರೂ ಮೊದಲನೆಯ ವರ್ಷದಲ್ಲಿಯೇ ಈ ಸೇವೆಯ ವಿಮಾನಗಳು 1,60,000 ಮೈಲು ಹಾರಿ, 155 ಮಂದಿ ಪ್ರಯಾಣಿಕರನ್ನು ಸಾಗಿಸಿದವು.

ಬಳ್ಳಾರಿಯ ಈ ಭಾಗ್ಯವು ಬಹುಕಾಲ ನಿಲ್ಲಲಿಲ್ಲ. ಕೆಲವೇ ವರ್ಷಗಳಲ್ಲಿ ಟಪಾಲಿನ ಮಾರ್ಗವು ಹೈದರಾಬಾದದ ಕಡೆಗೆ ಸರಿಯಿತು. ರೈಲಿನಿಂದ ಕುಮಟೆಗೆ ಆದುದೇ ಆಕಾಶಮಾರ್ಗದಿಂದ ಬಳ್ಳಾರಿಗೆ ಆಯಿತೆನ್ನಬಹುದು.

ಕುಮಟೆಯ ಕಡೆಯ ಆಕಾಶಕ್ಕೂ ಆ ದಿನಗಳಲ್ಲಿಯೇ ವಿಮಾನದ ದಾರಿಯು ಬಂದಿತು. 1935ರ ಅಕ್ಟೋಬರ 29ರಂದು ಅದೇ ಟಾಟಾ ಸಂಸ್ಥೆಯು ಮುಂಬಯಿಯಿಂದ ಗೋವೆ, ಕಣ್ಣಾನೂರುಗಳ ಮೇಲೆ ತಿರುವನಂತಪುರಕ್ಕೆ ಸೇವೆಯನ್ನು ತೊಡಗಿತು. ಗೋವೆಗೂ ಕಣ್ಣಾನೂರಿಗೂ ನಡುವಿನದು ಕಾರವಾರ, ಅಂಕೋಲೆ, ಕುಮಟೆ, ಹೊನ್ನಾವರ, ಭಟ್ಕಳಗಳ ಈ ಕರಾವಳಿಯೇ. ದಾರಿಯು ಇತ್ತು, ಇಳಿದಾಣವು ಇರಲಿಲ್ಲ. ಒಂದು ಮಗ್ಗುಲಿಗೆ ಸಮುದ್ರ, ಇನ್ನೊಂದು ಮಗ್ಗುಲಿಗೆ ಸಹ್ಯಾದ್ರಿ, ನಡುವೆ ಅಘನಾಶಿನಿ ಶರಾವತಿಗಳ ಅಳಿವೆಗಳು, ಗಜನಿಗದ್ದೆಗಳು, ತೆಂಗಿನ ತೋಟಗಳು. ಇಲ್ಲಿ ಸಮತಟ್ಟಾದ ನೆಲವೆಂದರೆ ಅನ್ನ ಬೆಳೆಯುವ ನೆಲವೇ. ಈ ಸಂಗತಿಯು ಮುಂದೆ ಪುನಃ ಪ್ರಸ್ತಾಪಕ್ಕೆ ಬರುವುದು.

ಟಪಾಲಿನ ಕಾಲವು ಕಳೆಯುತ್ತಲೇ ಯುದ್ಧದ ಕಾಲವು ಬಂದಿತು. ಎರಡನೆಯ ಮಹಾಯುದ್ಧದಲ್ಲಿ ವಿಮಾನಕ್ಕೆ ಬೇಕಾದ ನೆಲವನ್ನು ಊರವರ ಅನುಕೂಲವನ್ನು ನೋಡಿ ಆರಿಸಿದ್ದಲ್ಲ, ಸೇನೆಯ ಅವಶ್ಯಕತೆಯನ್ನು ನೋಡಿ ಆರಿಸಿದ್ದು. ಬ್ರಹ್ಮದೇಶದ ರಣರಂಗಕ್ಕೆ ಹೋಗತಕ್ಕ ವೈಮಾನಿಕರ ಶಿಕ್ಷಣಕ್ಕಾಗಿ 1942ರಲ್ಲಿ ಬ್ರಿಟಿಷ್ ವಾಯುಪಡೆಯು ಬೆಳಗಾವಿಯ ಹತ್ತಿರದ ಸಾಂಬ್ರೆಯಲ್ಲಿ ನೆಲೆಯನ್ನು ಕಟ್ಟಿತು. ಮೈಸೂರು ಸಂಸ್ಥಾನವು 1940ರಲ್ಲಿ ಮಂಡಕಳ್ಳಿಯಲ್ಲಿ ಒಂದು ವಿಮಾನನಿಲ್ದಾಣವನ್ನು ನಿರ್ಮಿಸಿತ್ತು. ಅದೇ ವರ್ಷದ ಡಿಸೆಂಬರ 23ರಂದು ಉದ್ಯಮಪತಿಗಳಾದ ವಾಲಚಂದ ಹೀರಾಚಂದರೂ ಮೈಸೂರು ಸರಕಾರವೂ ಕೂಡಿ ಬೆಂಗಳೂರಿನಲ್ಲಿ ಹಿಂದೂಸ್ಥಾನ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದರು. 1941ರ ಆಗಸ್ಟಿನಲ್ಲಿ ಅಲ್ಲಿ ಜೋಡಿಸಿದ ಹಾರ್ಲೋ ಎಂಬ ಶಿಕ್ಷಣವಿಮಾನವು ಗಗನಕ್ಕೇರಿತು. 1943ರಲ್ಲಿ ಆ ಕಾರ್ಖಾನೆಯು ಅಮೇರಿಕೆಯ ಸೇನೆಯ ದುರಸ್ತಿಶಾಲೆಯಾಗಿ ಮಾರ್ಪಟ್ಟಿತು. ನೀರಿನ ಮೇಲೆ ಇಳಿಯತಕ್ಕ ಕ್ಯಾಟಲೀನಾ ವಿಮಾನಗಳು ಆಗ ದುರಸ್ತಿಗಾಗಿ ಬಂದು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಗದ್ದೆಗಳಿಗೆ ನೀರುಣಿಸುತ್ತಿದ್ದ ಕೆರೆಯು ಕೆಲವು ಕಾಲ ವಿಮಾನದ ಬಂದರವಾಯಿತು. ಆ ಕೆರೆಯೇ ನಮ್ಮ ಕಾಲದಲ್ಲಿ ನಗರದ ಕೊಳಚೆಯಿಂದ ನೊರೆಕಾರಿ, ಮೇಲ್ಮೈಯಲ್ಲಿ ಬೆಂಕಿಯೂ ಹತ್ತಿ ದೇಶವಿದೇಶಗಳಲ್ಲಿ ಸುದ್ದಿಯಾದುದು ಖೇದಕರವು.

ಯುದ್ಧವು ಮುಗಿದ ತರುವಾಯ ಈ ನೆಲಗಳಿಗೆ ಬೇರೆ ಬೇರೆ ಗತಿಗಳು ಒದಗಿದವು. ಸಾಂಬ್ರೆಯ ಭಾಗ್ಯವು ಬಲವಾದುದು. ಪರಕೀಯರ ಯುದ್ಧಕ್ಕಾಗಿ ಹುಟ್ಟಿದ ಆ ನೆಲೆಯು ಸ್ವತಂತ್ರ ಭಾರತದ ವಾಯುಪಡೆಯ ಶಿಕ್ಷಣಕೇಂದ್ರವಾಯಿತು. 1961ರ ಡಿಸೆಂಬರ 18ರಂದು ಗೋವೆಯ ವಿಮೋಚನೆಯ ಕಾರ್ಯಾಚರಣೆಯಲ್ಲಿ ಬಾಂಬೋಳಿಯ ನಿಸ್ತಂತುಕೇಂದ್ರದ ಮೇಲೆ ಎರಗಿದ ಹಂಟರ್ ವಿಮಾನಗಳು ಇಲ್ಲಿಂದಲೇ ಹೊರಟವು. 2017ರಲ್ಲಿ ನಾಗರಿಕರಿಗಾಗಿ ಅಲ್ಲಿ ಹೊಸ ಕಟ್ಟಡವೂ ತೆರೆಯಿತು. ಮಂಡಕಳ್ಳಿಯ ಕಥೆಯು ಏಳುಬೀಳಿನದು. ಅಲ್ಲಿ ಸೇವೆಗಳು ಬಂದವು, ನಿಂತವು. ಬಹುವರ್ಷಗಳ ಮೌನದ ಅನಂತರ 2010ರಲ್ಲಿ ಹೊಸ ಓಡುದಾರಿಯೊಡನೆ ಅದು ಮರಳಿ ಕಣ್ತೆರೆಯಿತು.

ಬೆಂಗಳೂರಿನ ಹಳೆಯ ನಿಲ್ದಾಣವು ದಶಕಗಳ ಕಾಲ ರಾಜಧಾನಿಯ ಹೆಬ್ಬಾಗಿಲಾಗಿತ್ತು. ದೇವನಹಳ್ಳಿಯಲ್ಲಿ ಹೊಸ ನಿಲ್ದಾಣವು ತೆರೆದಾಗ, 2008ರ ಮೇ ತಿಂಗಳಲ್ಲಿ, ನಿತ್ಯದ ಪ್ರಯಾಣಿಕ ವಿಮಾನಗಳು ಅದನ್ನು ಬಿಟ್ಟುಹೋದವು. ಕಾರ್ಖಾನೆಯ ಮತ್ತು ಸೇನೆಯ ಹಾರಾಟಗಳಿಗೆ ಅದು ಉಳಿಯಿತು. ಸ್ವಾತಂತ್ರ್ಯದ ಹೊಸದರಲ್ಲಿ ವೈಮಾನಿಕರ ಶಿಕ್ಷಣಕ್ಕಾಗಿ ತೆರೆದ ಜಕ್ಕೂರಿನ ಬಯಲಿಗೆ ಒದಗಿದ ಸಂಕಟವಂತೂ ವಿಚಿತ್ರವಾದುದು. ದೇವನಹಳ್ಳಿಯ ನಿಲ್ದಾಣಕ್ಕೆ ಹೋಗುವ ಮೇಲುರಸ್ತೆಯೇ ಅದರ ಓಡುದಾರಿಯ ತುದಿಗೆ ಅಡ್ಡವಾಗಿ ಪರಿಣಮಿಸಿತು. ಹೊಸ ನಿಲ್ದಾಣಕ್ಕೆ ದಾರಿಮಾಡುವ ಭರದಲ್ಲಿ ಹಳೆಯದರ ಬಾಗಿಲನ್ನು ಮುಚ್ಚಿದಂತಾಯಿತು.

ಕುಮಟೆಗೆ ಹೆಚ್ಚು ಹತ್ತಿರದ ಪಾಠವೆಂದರೆ ದಕ್ಷಿಣ ಕನ್ನಡದ ಬಜ್ಪೆಯದು. 1951ರ ಡಿಸೆಂಬರ 25ರಂದು ಪ್ರಧಾನಮಂತ್ರಿಗಳಾದ ಜವಾಹರಲಾಲ ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಂದಿಳಿದು ಆ ನಿಲ್ದಾಣವು ಆರಂಭವಾಯಿತು. ಅಲ್ಲಿಯ ಜನರು ಗದ್ದೆಗಳ ನಡುವೆ ಸಮತಟ್ಟನ್ನು ಹುಡುಕದೆ, ಮುರಕಲ್ಲಿನ ಗುಡ್ಡದ ತಲೆಯನ್ನೇ ಸಮಮಾಡಿ ಓಡುದಾರಿಯನ್ನು ಮಾಡಿದರು. ಗದ್ದೆಗಳು ಉಳಿದುವಾದರೂ ಆ ಆಯ್ಕೆಗೆ ಅದರದೇ ಆದ ಅಪಾಯವಿತ್ತು. 2010ರ ಮೇ 22ರಂದು ದುಬಾಯಿಯಿಂದ ಬಂದ ವಿಮಾನವೊಂದು ಓಡುದಾರಿಯನ್ನು ದಾಟಿ ಕಣಿವೆಗೆ ಬಿದ್ದು 158 ಮಂದಿ ಮಡಿದರು. ಬದುಕಿದವರು ಎಂಟೇ ಜನ. ಕರಾವಳಿಯ ನೆಲವು ವಿಮಾನಕ್ಕೆ ಸುಲಭವಾಗಿ ಒಗ್ಗುವುದಿಲ್ಲವೆಂಬುದನ್ನು ಇದಕ್ಕಿಂತ ಕಠೋರವಾಗಿ ಹೇಳಲು ಸಾಧ್ಯವಿಲ್ಲ.

ಈ ಕಥೆಗಳನ್ನೆಲ್ಲ ಒಂದೆಡೆ ಇಟ್ಟು ನೋಡಿದರೆ ಕಾರಣಗಳು ಸ್ಪಷ್ಟವಾಗುವವು. ಯಂತ್ರಗಳು ಬಲಗೊಂಡಂತೆ ದೂರದ ಹಾರಾಟವು ಸಾಧ್ಯವಾಗಿ ನಡುವಿನ ತಂಗುದಾಣಗಳು ಬೇಡವಾಗುವವು. ವಿಮಾನಗಳು ಭಾರವಾದಂತೆ ಹುಲ್ಲುಬಯಲು ಸಾಲದೆ ಉದ್ದನೆಯ ಗಟ್ಟಿದಾರಿಯು ಬೇಕಾಗುವುದು. ಊರು ಬೆಳೆದಂತೆ ಕಟ್ಟಡಗಳು ನಾಲ್ಕೂ ಕಡೆಯಿಂದ ಮುತ್ತುವವು. ರಾಜ್ಯಗಳೂ ಯುದ್ಧಗಳೂ ಬದಲಾದಂತೆ ನೆಲೆಯ ಉದ್ದೇಶವೇ ಬದಲಾಗುವುದು. ವಿಮಾನದ ಆಯುಷ್ಯವು ಕೆಲವು ದಶಕಗಳದು, ಮಾರ್ಗದ ಆಯುಷ್ಯವು ಅದಕ್ಕಿಂತಲೂ ಕಡಿಮೆ; ನೆಲದ ಆಯುಷ್ಯಕ್ಕೆ ಮಾತ್ರ ಕೊನೆಯಿಲ್ಲ. ಆದಕಾರಣ ಅಲ್ಪಾಯುವಾದ ಕಾರ್ಯಕ್ಕೆ ಚಿರಾಯುವಾದ ನೆಲವನ್ನು ಪಡೆಯುವವರ ಮೇಲೆ ಒಂದು ಋಣವಿರುವುದು. ಕಾರ್ಯವು ತೀರಿದರೂ ಅದು ತೀರುವುದಿಲ್ಲ.

ನಮ್ಮ ಪೂರ್ವಿಕರು ಈ ಋಣವನ್ನು ಅರಿತವರಾಗಿದ್ದರು. ಕನ್ನಡ ನಾಡಿನ ಮಠ, ಗುಡಿ, ಕೆರೆಗಳಿಗೆ ಬಿಟ್ಟ ಭೂಮಿಯ ದಾನಶಾಸನಗಳನ್ನು ನೋಡಿದವರು ಬಲ್ಲರು. ಕೊಟ್ಟವರಾರು, ಪಡೆದವರಾರು, ಯಾವ ಕಾರ್ಯಕ್ಕಾಗಿ, ಚತುಃಸೀಮೆ ಯಾವುದು ಎಂಬುದನ್ನೆಲ್ಲ ಕಲ್ಲಿನಲ್ಲಿ ಕೊರೆಯಿಸಿ, ತಪ್ಪಿ ನಡೆದವನಿಗೆ ಕಾಶಿಯಲ್ಲಿ ಕವಿಲೆಯನ್ನು ಕೊಂದ ಪಾಪವನ್ನೂ ವಿಧಿಸುತ್ತಿದ್ದರು. ದಾನವು ಕೈಬಿಟ್ಟ ಮಾತ್ರಕ್ಕೆ ಅದರ ಉದ್ದೇಶವು ಕೈಬಿಡಬಾರದೆಂಬ ವಿವೇಕವು ಅದರಲ್ಲಿತ್ತು. ವಿಮಾನನಿಲ್ದಾಣಗಳಲ್ಲಿ ಉದ್ಘಾಟಿಸಿದ ಮಂತ್ರಿಗಳ ಹೆಸರಿನ ಅಮೃತಶಿಲೆಯು ಇರುವುದು. ನೆಲವನ್ನು ಬಿಟ್ಟುಕೊಟ್ಟ ಒಕ್ಕಲುಗಳ ಹೆಸರನ್ನು ಅಂಥ ಶಿಲೆಯ ಮೇಲೆ ಓದುವುದು ದುರ್ಲಭವು.

ಈ ವಿವೇಕದ ಕೊರತೆಯಿಂದ ಆಗುವ ಕ್ಲೇಶಕ್ಕೆ ಅದೇ ಬಳ್ಳಾರಿಯ ಸೀಮೆಯು ಸಾಕ್ಷಿ. ಹೊಸ ವಿಮಾನನಿಲ್ದಾಣಕ್ಕೆಂದು ಚಾಗನೂರು, ಸಿರಿವಾರ ಗ್ರಾಮಗಳ ಹೊಲಗಳನ್ನು ಗೊತ್ತುಮಾಡಿದಾಗ ಆ ರೈತರು ನೀರಾವರಿಯ ಫಲವತ್ತಾದ ಭೂಮಿಯೆಂದು ಪ್ರತಿಭಟಿಸಿದರು. ವಿರೋಧದ ನಡುವೆಯೇ ಭೂಮಿಯನ್ನು ಪಡೆದು, 2010ರಲ್ಲಿ ಗುತ್ತಿಗೆಯನ್ನೂ ಕೊಟ್ಟದ್ದಾಯಿತು. ಆ ಗುತ್ತಿಗೆಯಿಂದ ನಿಲ್ದಾಣವು ಏಳಲಿಲ್ಲ; ಹೊಲವು ಹೋಯಿತು, ವಿಮಾನವು ಬರಲಿಲ್ಲ.

ಉತ್ತರ ಕನ್ನಡದ ಜನರಿಗೂ ಈ ಅನುಭವವು ಹೊಸದಲ್ಲ. 1930ರಲ್ಲಿ ಉಪ್ಪಿನ ಸತ್ಯಾಗ್ರಹವನ್ನೂ ಮುಂದೆ ಕರನಿರಾಕರಣೆಯನ್ನೂ ನಡೆಯಿಸಿ, ದೇಶಕ್ಕಾಗಿ ಮನೆಹೊಲಗಳ ಹರಾಜನ್ನು ಕಂಡವರು ಅಂಕೋಲೆಯ ರೈತರು. 1986ರಲ್ಲಿ ಶಿಲಾನ್ಯಾಸಗೊಂಡ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲೆ ತಾಲೂಕುಗಳ ಸಾವಿರಾರು ಕುಟುಂಬಗಳು ನೆಲೆಯನ್ನು ಬಿಟ್ಟೆದ್ದವು. ಅವರ ಪರಿಹಾರದ ವ್ಯಾಜ್ಯಗಳು ದಶಕಗಳ ಕಾಲ ನ್ಯಾಯಾಲಯಗಳಲ್ಲಿ ನಡೆದವು. ಈಗ ಅಲಗೇರಿಯ ಸರದಿ. ಕರಿ ಇಶಾಡ ಮಾವಿಗೆ ಹೆಸರಾದ ಅದೇ ತಾಲೂಕು, ಅದೇ ಸಮತಟ್ಟಾದ ಅನ್ನದ ನೆಲ.

ಇದರಿಂದ ವಿಮಾನನಿಲ್ದಾಣವು ಬೇಡವೆಂದು ಸಾಧಿಸಿದಂತಾಗಲಿಲ್ಲ. ಘಟ್ಟ, ಹೊಳೆ, ಮಳೆಗಳ ನಡುವೆ ದೂರದ ಆಸ್ಪತ್ರೆಗೆ ರೋಗಿಯನ್ನು ಹೊತ್ತೊಯ್ದ ಈ ಜಿಲ್ಲೆಯ ಜನರು ವೇಗದ ವಾಹನವನ್ನು ಹೀಗಳೆಯಲಾರರು. ಆದರೆ ಕೇಳತಕ್ಕ ಪ್ರಶ್ನೆಗಳನ್ನು ಓಡುದಾರಿಯನ್ನು ಹಾಸುವ ಮುಂಚೆಯೇ ಕೇಳತಕ್ಕದ್ದು. ಕೊಟ್ಟವರಿಗೆ ಹಣವಲ್ಲದೆ ನಿಲ್ಲಲು ನೆಲೆಯೂ ಮಾಡಲು ಕಾಯಕವೂ ದೊರೆತಿತೇ? ಕಾರ್ಯವು ನಡೆಯದೆ ಹೋದರೆ, ನಡೆದು ಮುಂದೆ ನಿಂತರೆ, ಆ ನೆಲವು ಯಾರದು? 2013ರ ಭೂಸ್ವಾಧೀನದ ಕಾಯಿದೆಯು ಐದು ವರ್ಷ ಉಪಯೋಗವಾಗದ ಭೂಮಿಯು ಮೂಲದ ಒಡೆಯರಿಗೆ ಅಥವಾ ಸರಕಾರದ ಭೂನಿಧಿಗೆ ಮರಳಬೇಕೆಂದು ವಿಧಿಸಿರುವುದು. ಈ ‘ಅಥವಾ’ ಎಂಬ ಮೂರಕ್ಷರದಲ್ಲಿಯೇ ಒಕ್ಕಲಿಗನ ಮಕ್ಕಳ ಅದೃಷ್ಟವು ಅಡಗಿರುವುದೆಂಬುದನ್ನು ಗ್ರಾಮಸ್ಥರು ಅರಿತಿರತಕ್ಕದ್ದು.

ಅಕ್ಷರ ಬಲ್ಲ ಭಕ್ತರು ತಮ್ಮ ಊರುಗಳಲ್ಲಿ ಒಂದು ಸಣ್ಣ ಸೇವೆಯನ್ನು ಮಾಡಬಹುದು. ಸಾರ್ವಜನಿಕ ಕಾರ್ಯಕ್ಕೆ ನೆಲವನ್ನು ಕೊಟ್ಟ ಮನೆತನಗಳ ಹೆಸರು, ಸೀಮೆ, ಕೊಟ್ಟ ವರ್ಷ, ಹೇಳಿದ ಉದ್ದೇಶ, ಇವನ್ನು ಹಿರಿಯರು ಇರುವಾಗಲೇ ಕೇಳಿ ಬರೆದಿಡುವುದು. ಸರಕಾರದ ಕಾಗದಪತ್ರಗಳ ಪ್ರತಿಯನ್ನು ಜೋಪಾನಮಾಡುವುದು. ನಿಲ್ದಾಣವು ಎದ್ದರೆ ಆ ಹೆಸರುಗಳು ಅಲ್ಲಿಯ ಕಲ್ಲಿನಲ್ಲಿ ಇರಬೇಕೆಂದು ಕೇಳುವುದು. ಹಿಂದಿನವರು ಶಾಸನದಲ್ಲಿ ಮಾಡಿದ ಕೆಲಸವನ್ನು ಇಂದಿನವರು ಕಾಗದದಲ್ಲಾದರೂ ಮಾಡಬೇಕಾಗಿದೆ.

ಕುಮಟೆಯ ಬಂದರದಿಂದ ಹೋದ ಅರಳೆಗೆ ಕುಮಟೆಯ ಹೆಸರು ಅಂಟಿತು; ಎರೆಹೊಲದಲ್ಲಿ ದುಡಿದವನ ಹೆಸರನ್ನು ಯಾರೂ ಬರೆದಿಡಲಿಲ್ಲ. ಅಲಗೇರಿಯ ವಿಷಯದಲ್ಲಿ ಹಾಗಾಗದಿರಲಿ ಎಂದು ಹಾರೈಸುವಲ್ಲಿಗೆ ಈ ಉಪನ್ಯಾಸವು ಮುಗಿಯುವುದು.

ಶುಭಂ ಭೂಯಾತ್.