ಲೆಕ್ಕ ಕಂಪ್ಯೂಟರಿನದು, ಹೊಣೆ ಯಾರದು?



ನಾವು ಇಲ್ಲಿ ಓದುವಾಗ ರೇಡಿಯೋದಲ್ಲಿ "ಅಲ್ಲಲ್ಲಿ ಮಳೆಯಾಗುವ ಸಂಭವವಿದೆ" ಎಂದರೆ ನಗುತ್ತಿದ್ದೆವು. ಇಂದು ಮೊಬೈಲಿನಲ್ಲಿ ಗಂಟೆಗಂಟೆಯ ಮಳೆ ಕಾಣುತ್ತದೆ. ಹಾಗಾದರೆ ಹವಾಮಾನ ತಜ್ಞರಿಗೆ ಇನ್ನೇನು ಕೆಲಸ? ಸಾಫ್ಟ್‌ವೇರ್ ಬರೆದು ಬದುಕುವ ನನ್ನನ್ನು ಅನೇಕರು ಹೀಗೆ ಕೇಳುತ್ತಾರೆ.

ಹಿಂದೆ ತಜ್ಞರು ನಕ್ಷೆಯ ಮೇಲೆ ವಾಯು ಒತ್ತಡದ ರೇಖೆಗಳನ್ನು ಕೈಯಿಂದ ಎಳೆದು, ಅನುಭವದ ಬಲದಿಂದ ನಾಳೆಯನ್ನು ಅಂದಾಜು ಮಾಡುತ್ತಿದ್ದರು. ಬ್ರಿಟನ್ನಿನ ಲೂಯಿಸ್ ರಿಚರ್ಡ್‌ಸನ್ ಇದನ್ನು ಗಣಿತದಿಂದ ಮಾಡಲು ಹೊರಟರು. ಆರು ಗಂಟೆಗಳ ಹವಾಮಾನಕ್ಕೆ ವಾರಗಟ್ಟಲೆ ಕೈಲೆಕ್ಕ ಹಾಕಿದರು. ಉತ್ತರ ಪೂರ್ತಿ ತಪ್ಪಾಯಿತು. ಅದನ್ನು ಮುಚ್ಚಿಡದೆ 1922ರಲ್ಲಿ ಪುಸ್ತಕದಲ್ಲೇ ಅಚ್ಚು ಹಾಕಿಸಿದರು. 1950ರಲ್ಲಿ ಅಮೆರಿಕದ ಎನಿಯಾಕ್ ಕಂಪ್ಯೂಟರ್ ಆ ದಾರಿ ಸರಿಯೆಂದು ತೋರಿಸಿತು.

ನಮ್ಮ ಗಣಿತದ ಮೇಷ್ಟ್ರು "ಮೂರು ದಶಮಾಂಶ ಸ್ಥಾನಕ್ಕೆ ಬರೆಯಿರಿ" ಎನ್ನುತ್ತಿದ್ದರಲ್ಲ? 1961ರಲ್ಲಿ ಎಡ್ವರ್ಡ್ ಲೊರೆಂಜ್ 0.506127 ಬದಲು 0.506 ಎಂದು ಕಂಪ್ಯೂಟರಿಗೆ ಕೊಟ್ಟರು. ಸ್ವಲ್ಪ ಹೊತ್ತಿನಲ್ಲಿ ಹವಾಮಾನವೇ ಬೇರೆಯಾಗಿ ಬಂತು! ಅದಕ್ಕಾಗಿಯೇ ಈಗ ಒಂದೇ ಲೆಕ್ಕವನ್ನು ಆರಂಭದ ಅಂಕಿಗಳನ್ನು ತುಸು ಬದಲಿಸಿ ಹಲವು ಬಾರಿ ಮಾಡಿಸುತ್ತಾರೆ. ಐವತ್ತು ಉತ್ತರಗಳಲ್ಲಿ ಮೂವತ್ತು "ಮಳೆ" ಎಂದರೆ ಜನರಿಗೆ ಏನು ಹೇಳಬೇಕು? ತಜ್ಞರ ಇಂದಿನ ಕೆಲಸ ಇದೇ.

1999ರ ಒಡಿಶಾ ಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. 2013ರಲ್ಲಿ ಫೈಲಿನ್ ಬರುವಾಗ ಕೆಲವು ವಿದೇಶಿ ಸಂಸ್ಥೆಗಳು ಅದು ಇನ್ನೂ ಭೀಕರವಾಗುತ್ತದೆ ಎಂದವು. ನಮ್ಮ ಹವಾಮಾನ ಇಲಾಖೆಯವರು ತಮ್ಮ ಅಂದಾಜಿಗೇ ಗಟ್ಟಿಯಾಗಿ ನಿಂತರು, ಅದೇ ನಿಜವಾಯಿತು. ಆಡಳಿತ ಲಕ್ಷಾಂತರ ಜನರನ್ನು ಮೊದಲೇ ಸ್ಥಳಾಂತರಿಸಿತು. ಸಾವು ನೂರನ್ನೂ ಮುಟ್ಟಲಿಲ್ಲ. ಮಾದರಿಗಳು ಅಂಕಿ ಕೊಟ್ಟವು. ಆ ಅಂಕಿಯನ್ನು ನಂಬಿ "ಮನೆ ಬಿಟ್ಟು ಹೊರಡಿ" ಎಂದು ಹೇಳುವ ಹೊಣೆ ಹೊತ್ತವರು ಮನುಷ್ಯರು. ಕಂಪ್ಯೂಟರ್ ಹೇಳಿತು ಎಂದು ಕೈತೊಳೆದುಕೊಳ್ಳುವ ಅಭ್ಯಾಸ ನನ್ನ ವೃತ್ತಿಯಲ್ಲೂ ಇದೆ. ಅದಕ್ಕೇ ಈ ಮಾತು ನನಗೆ ಮುಖ್ಯ.

ಮಕ್ಕಳೇ, ನಮ್ಮ ಬ್ಯಾಚಿನಿಂದ ಶಾಲೆಗೆ ಒಂದು ಮಳೆಮಾಪಕ ಕೊಡುತ್ತಿದ್ದೇವೆ. ಇಲಾಖೆಯವರಂತೆ ನೀವೂ ದಿನವೂ ಬೆಳಿಗ್ಗೆ 8.30ಕ್ಕೆ ಅಳೆದು ಬರೆದಿಡಿ. ಮೊಬೈಲ್ ಹೇಳಿದ್ದನ್ನು ಪಕ್ಕದಲ್ಲಿ ಬರೆಯಿರಿ. ಎರಡೂ ಹೊಂದದ ದಿನ ಏಕೆಂದು ಮೇಷ್ಟ್ರನ್ನು ಕೇಳಿ. ಹವಾಮಾನ ತಜ್ಞರ ಕೆಲಸ ಶುರುವಾಗುವುದು ಆ ಪ್ರಶ್ನೆಯಿಂದಲೇ.